ಐಶ್ವರ್ಯದ ಮೂಲವೂ ಅದರ ಬೆಲೆಯೂ

೧

ರಾಜ್ಯಗಳು ಹುಟ್ಟಿದುವು, ಅಳಿದುವು, ಮತಧರ್ಮಗಳು ಹಬ್ಬಿದುವು, ಕಾವ್ಯಗಳೂ ಗುಡಿಗೋಪುರಗಳೂ ಮೇಲೆದ್ದುವು. ಇಷ್ಟೆಲ್ಲ ನಡೆಯುತ್ತಿದ್ದಾಗಲೂ ಹೊಲವನ್ನುಳುವವನ ತಟ್ಟೆಗೆ ಬೀಳುತ್ತಿದ್ದ ಅನ್ನದ ಪ್ರಮಾಣವು ತಲೆಮಾರಿನಿಂದ ತಲೆಮಾರಿಗೆ ಹೆಚ್ಚಾಗಿ ಬದಲಾಗಲಿಲ್ಲ. ಮಳೆಯಾದ ವರ್ಷ ಹೊಟ್ಟೆ ತುಂಬುತ್ತಿತ್ತು; ಕ್ಷಾಮ ಬಂದ ವರ್ಷ ಊರು ಬರಿದಾಗುತ್ತಿತ್ತು. ಅನ್ನ ಹೆಚ್ಚಿದರೆ ಜನ ಹೆಚ್ಚುವರು, ಜನ ಹೆಚ್ಚಿದರೆ ಅನ್ನ ಸಾಲದಾಗುವುದು ಎಂದು ೧೭೯೮ರಲ್ಲಿ ಮಾಲ್ತಸನು ಸಾರಿದ ನಿಯಮವು ಅವನ ಕಾಲದವರೆಗಿನ ಚರಿತ್ರೆಗೆ ಬಹುಮಟ್ಟಿಗೆ ಒಪ್ಪುವಂಥದೇ ಆಗಿತ್ತು. ಆಶ್ಚರ್ಯದ ಸಂಗತಿಯೆಂದರೆ, ಅವನು ಅದನ್ನು ಬರೆಯುತ್ತಿದ್ದ ದೇಶದಲ್ಲಿಯೇ, ಬರೆಯುತ್ತಿದ್ದ ಕಾಲದಲ್ಲಿಯೇ, ಆ ನಿಯಮವು ಮುರಿಯತೊಡಗಿತ್ತು. ಇಂಗ್ಲೆಂಡಿನಲ್ಲಿ ಒಬ್ಬ ಮನುಷ್ಯನು ಒಂದು ದಿನದ ದುಡಿಮೆಯಿಂದ ಉತ್ಪಾದಿಸಬಲ್ಲ ವಸ್ತುವಿನ ಮೊತ್ತವು ಮೊದಲು ಮೆಲ್ಲಮೆಲ್ಲನೆ, ಬಳಿಕ ವೇಗವಾಗಿ ಬೆಳೆಯಿತು. ಬೆಳೆದದ್ದು ಮತ್ತೆ ಹಿಂದಕ್ಕೆ ಕುಗ್ಗಲಿಲ್ಲ.

ಈ ಪರಿವರ್ತನೆಯು ಏಕೆ ಆ ದೇಶದಲ್ಲಿಯೇ ಆಯಿತು, ಏಕೆ ಆ ಶತಮಾನದಲ್ಲಿಯೇ ಆಯಿತು, ಅದರಿಂದ ಯಾರಿಗೆ ಏನು ದೊರೆಯಿತು ಎಂಬ ಪ್ರಶ್ನೆಗಳು ಕೇವಲ ಪಂಡಿತರ ಕುತೂಹಲಕ್ಕೆ ಸೇರಿದುವಲ್ಲ. ಬಡತನವನ್ನು ನೀಗಿಸಿಕೊಳ್ಳಬಯಸುವ ಯಾವ ದೇಶಕ್ಕಾದರೂ ಇವುಗಳ ಉತ್ತರವೇ ದಾರಿಯ ದೀಪ. ಉತ್ತರ ತಪ್ಪಾದರೆ ಹಿಡಿದ ದಾರಿಯೂ ತಪ್ಪಾಗುವುದು. ಇತ್ತೀಚಿನ ವರ್ಷಗಳಲ್ಲಿ ಈ ವಿಷಯವಾಗಿ ಬಂದಿರುವ ಅನೇಕ ಗ್ರಂಥಗಳಲ್ಲಿ ಎರಡು ಮುಖ್ಯವಾದುವು. ಒಂದು, ೨೦೦೯ರಲ್ಲಿ ಪ್ರಕಟವಾದ ರಾಬರ್ಟ್ ಆಲೆನ್ ಅವರ ‘ದಿ ಬ್ರಿಟಿಷ್ ಇಂಡಸ್ಟ್ರಿಯಲ್ ರೆವಲ್ಯೂಷನ್ ಇನ್ ಗ್ಲೋಬಲ್ ಪರ್‌ಸ್ಪೆಕ್ಟಿವ್’. ಮತ್ತೊಂದು, ೨೦೧೬ರಲ್ಲಿ ಹೊರಬಂದ ಜೋಯೆಲ್ ಮೋಕಿರ್ ಅವರ ‘ಎ ಕಲ್ಚರ್ ಆಫ್ ಗ್ರೋತ್’. ೨೦೨೫ರ ಅರ್ಥಶಾಸ್ತ್ರದ ನೊಬೆಲ್ ಸ್ಮಾರಕ ಪಾರಿತೋಷಕದ ಅರ್ಧಭಾಗವು ಮೋಕಿರ್ ಅವರಿಗೂ, ಉಳಿದರ್ಧವು ಫಿಲಿಪ್ ಅಘಿಯೋ, ಪೀಟರ್ ಹೌವಿಟ್ ಎಂಬ ಇಬ್ಬರಿಗೂ ಸಂದ ಮೇಲೆ ಈ ಚರ್ಚೆಯು ಮತ್ತಷ್ಟು ಜನರ ಕಿವಿಗೆ ಬಿದ್ದಿದೆ. ಎರಡು ಗ್ರಂಥಗಳನ್ನೂ ಎದುರುಬದುರಾಗಿಟ್ಟು ಓದಿದರಲ್ಲದೆ ಅವುಗಳ ಗುಣವಾಗಲಿ ಕೊರತೆಯಾಗಲಿ ಸ್ಪಷ್ಟವಾಗುವಂತಿಲ್ಲ.

೨

ಆಲೆನ್ ಅವರ ವಾದವು ಬಹು ಸರಳವಾದುದು. ಅದರ ಬಲವೂ ಆ ಸರಳತೆಯಲ್ಲಿಯೇ ಇದೆ. ಯಂತ್ರವೆಂಬುದು ಕೂಲಿಯಾಳಿಗೆ ಬದಲಾಗಿ ನಿಲ್ಲುವ ವಸ್ತು. ಕೂಲಿ ಅಗ್ಗವಾಗಿರುವ ಕಡೆ ಯಂತ್ರವನ್ನು ಕೊಳ್ಳುವವನು ಹಣ ಕಳೆದುಕೊಳ್ಳುವನು. ಕೂಲಿ ದುಬಾರಿಯಾಗಿರುವ ಕಡೆ ಲಾಭ ಪಡೆಯುವನು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕೂಲಿ ದುಬಾರಿ, ಕಲ್ಲಿದ್ದಲು ಅಗ್ಗ. ಲಂಡನ್ನಿನ ಕೂಲಿಕಾರನ ದಿನಗೂಲಿಯು ಅವನ ಸಂಸಾರದ ಕನಿಷ್ಠ ಜೀವನೋಪಾಯಕ್ಕೆ ಬೇಕಾದುದರ ಹಲವು ಪಟ್ಟು ಇತ್ತೆಂದೂ, ಅದೇ ಕಾಲದಲ್ಲಿ ದೆಹಲಿ, ಬೀಜಿಂಗ್, ಫ್ಲಾರೆನ್ಸ್ ಮೊದಲಾದ ನಗರಗಳ ಕೂಲಿಕಾರನ ಸಂಪಾದನೆಯು ಅದಕ್ಕಿಂತ ಬಹಳ ಕೆಳಗಿತ್ತೆಂದೂ ಗ್ರಂಥಕರ್ತರು ಬೆಲೆಪಟ್ಟಿಗಳನ್ನು ಕಲೆಹಾಕಿ ತೋರಿಸಿರುವರು. ಇತ್ತ ನ್ಯೂಕಾಸಲಿನ ಗಣಿಗಳ ಬಾಯಲ್ಲಿ ಕಲ್ಲಿದ್ದಲು ಮಣ್ಣಿನಷ್ಟು ಸುಲಭ. ದುಬಾರಿಯಾದ ಮನುಷ್ಯನ ತೋಳನ್ನು ಬಿಟ್ಟು ಅಗ್ಗವಾದ ಬೆಂಕಿಯನ್ನು ಹಿಡಿಯುವ ಯಂತ್ರಗಳನ್ನು ಕಲ್ಪಿಸಲು ಅಲ್ಲಿನವರಿಗೆ ಇದ್ದಷ್ಟು ಕಾರಣ ಬೇರೆ ಯಾರಿಗೂ ಇರಲಿಲ್ಲ ಎಂಬುದೇ ಇದರ ಸಾರಾಂಶ.

ಈ ವಾದವು ಉಗಿಯಂತ್ರಕ್ಕೆ ಚೆನ್ನಾಗಿ ಹೊಂದುವುದು. ೧೭೧೨ರಲ್ಲಿ ನ್ಯೂಕಾಮೆನ್ನನು ನಿಲ್ಲಿಸಿದ ಯಂತ್ರವು ಕಲ್ಲಿದ್ದಲನ್ನು ರಾಕ್ಷಸನಂತೆ ನುಂಗುತ್ತಿತ್ತು. ಗಣಿಯ ಬಾಯಲ್ಲಿ ಮಾತ್ರವೇ, ಮಾರಾಟವಾಗದ ಪುಡಿ ಇದ್ದಲು ರಾಶಿ ಬಿದ್ದಿರುವಲ್ಲಿ ಮಾತ್ರವೇ, ಅದನ್ನು ಸಾಕುವುದು ಸಾಧ್ಯವಿತ್ತು. ಗಣಿಯಿಂದ ನೀರೆತ್ತುವ ಈ ಒಡ್ಡೊಡ್ಡು ಯಂತ್ರವನ್ನು ಸ್ಮೀಟನ್ನನು ತಿದ್ದಿದನು. ೧೭೬೯ರಲ್ಲಿ ವಾಟನು ಪ್ರತ್ಯೇಕ ಸಾಂದ್ರಕದ ಸನ್ನದು ಪಡೆದು ಇದ್ದಲಿನ ವೆಚ್ಚವನ್ನು ಬಹಳವಾಗಿ ತಗ್ಗಿಸಿದನು. ಕಾರ್ನ್‌ವಾಲಿನ ಯಂತ್ರಶಿಲ್ಪಿಗಳು ಇನ್ನೂ ತಗ್ಗಿಸಿದರು. ಹೀಗೆ ತಗ್ಗುತ್ತ ತಗ್ಗುತ್ತ ಹತ್ತೊಂಬತ್ತನೆಯ ಶತಮಾನದ ನಡುವಿಗೆ ಬರುವಷ್ಟರಲ್ಲಿ, ಇದ್ದಲು ದುಬಾರಿಯಾದ ದೇಶಗಳಲ್ಲಿಯೂ ಉಗಿಯಂತ್ರವು ಲಾಭದಾಯಕವಾಯಿತು. ಇಂಗ್ಲಿಷ್ ಶಿಲ್ಪಿಗಳು ತಮ್ಮ ಯಂತ್ರವನ್ನು ಉತ್ತಮಪಡಿಸುತ್ತ ತಮ್ಮ ದೇಶದ ವಿಶೇಷ ಅನುಕೂಲವನ್ನು ತಾವೇ ಅಳಿಸಿಹಾಕಿದರು. ಈ ಮಾತನ್ನು ಆಲೆನ್ ಅವರಷ್ಟು ಸ್ಪಷ್ಟವಾಗಿ ಹೇಳಿದವರು ವಿರಳ. ಹೊಸ ಉದ್ಯೋಗವು ಒಂದು ಕಡೆ ಹುಟ್ಟಿ ಐವತ್ತು ನೂರು ವರ್ಷ ಅಲ್ಲಿಯೇ ನಿಂತು, ಆಮೇಲೆ ಥಟ್ಟನೆ ನಾಲ್ಕು ದೇಶಗಳಿಗೆ ಹಬ್ಬಿದುದೇಕೆಂಬ ಸಮಸ್ಯೆಗೆ ಇದಕ್ಕಿಂತ ಅಂದವಾದ ಪರಿಹಾರವು ಮತ್ತೆಲ್ಲಿಯೂ ದೊರೆಯದು.

ನೂಲುವ ಯಂತ್ರದ ವಿಷಯದಲ್ಲಿಯೂ ಅವರು ಇದೇ ಸೂತ್ರವನ್ನು ಪ್ರಯೋಗಿಸಿರುವರು. ೧೭೬೦ರ ದಶಕದಲ್ಲಿ ಹಾರ್‌ಗ್ರೀವ್ಸನು ಕಲ್ಪಿಸಿದ ‘ಜೆನ್ನಿ’ಯು ಒಂದೇ ಚಕ್ರದಿಂದ ಅನೇಕ ಕದಿರುಗಳನ್ನು ತಿರುಗಿಸುತ್ತಿತ್ತು. ಆ ಶತಮಾನದ ಕೊನೆಯ ದಶಕಗಳಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ೨೦,೦೦೦ ಜೆನ್ನಿಗಳಿದ್ದರೆ ಫ್ರಾನ್ಸಿನಲ್ಲಿ ಸುಮಾರು ೯೦೦ ಮಾತ್ರ; ಭಾರತದಲ್ಲಿ ಒಂದೂ ಇರಲಿಲ್ಲ. ಬುದ್ಧಿಯ ಕೊರತೆ ಇದಕ್ಕೆ ಕಾರಣವಲ್ಲ, ಲೆಕ್ಕವೇ ಕಾರಣ ಎನ್ನುವರು ಆಲೆನ್. ಕೂಲಿಯ ಉಳಿತಾಯದಿಂದ ಇಂಗ್ಲೆಂಡಿನಲ್ಲಿ ಯಂತ್ರದ ಬೆಲೆ ಬೇಗನೆ ಹಿಂದಿರುಗುತ್ತಿತ್ತು, ಫ್ರಾನ್ಸಿನಲ್ಲಿ ಬರುತ್ತಿದ್ದ ಲಾಭ ಅತ್ಯಲ್ಪ, ಭಾರತದಲ್ಲಿ ಕೊಂಡವನಿಗೆ ನಷ್ಟವೇ ಗತಿ. ಪೂರ್ವದೇಶದವರು ಸೋಮಾರಿಗಳು, ಪಶ್ಚಿಮದವರು ಚುರುಕು ಎಂಬ ಹಳೆಯ ಹರಟೆಯನ್ನು ಮೂಲೆಗೆ ತಳ್ಳಿ, ಸಮಾನಬುದ್ಧಿಯ ಮನುಷ್ಯರು ಬೇರೆ ಬೇರೆ ಬೆಲೆಗಳ ನಡುವೆ ಬೇರೆ ಬೇರೆ ತೀರ್ಮಾನಗಳಿಗೆ ಬಂದರೆಂದು ಸಾಧಿಸುವ ಈ ಅಧ್ಯಾಯವು ಗ್ರಂಥದ ಅತ್ಯುತ್ತಮ ಭಾಗವೆಂದರೆ ಸಲ್ಲುವುದು.

೩

ಆದರೆ ಸರಳವಾದ ಸೂತ್ರವು ಸಾಮಾನ್ಯವಾಗಿ ಎಳೆ ಬಿಗಿಯಾದ ಕಡೆಯಲ್ಲಿಯೇ ಹರಿಯುವುದು. ಕಲ್ಲಿದ್ದಲಿನ ವಾದವು ಹತ್ತಿಯ ಗಿರಣಿಗಳ ಹುಟ್ಟಿಗೆ ಅನ್ವಯಿಸದು. ಆರ್ಕ್‌ರೈಟನು ೧೭೭೧ರಲ್ಲಿ ಕ್ರಾಮ್‌ಫರ್ಡಿನಲ್ಲಿ ಸ್ಥಾಪಿಸಿದ ಗಿರಣಿಯು ನಡೆದದ್ದು ಹರಿವ ನೀರಿನ ಬಲದಿಂದ. ಮೊದಲ ಗಿರಣಿಗಳಲ್ಲಿ ಹೆಚ್ಚಿನವು ಹೊಳೆತೊರೆಗಳ ದಡದಲ್ಲಿಯೇ ಎದ್ದುವು. ಹೀಗಾಗಿ ಹತ್ತಿಯ ಉದ್ಯೋಗಕ್ಕೆ ಸಂಬಂಧಿಸಿದಂತೆ ಆಲೆನ್ ಅವರ ಸಿದ್ಧಾಂತದ ಭಾರವೆಲ್ಲ ‘ದುಬಾರಿ ಕೂಲಿ’ ಎಂಬ ಒಂದೇ ಕಂಬದ ಮೇಲೆ ನಿಲ್ಲುವುದು. ಆ ಕಂಬವು ಎಷ್ಟು ಗಟ್ಟಿ ಎಂಬುದನ್ನು ಪರೀಕ್ಷಿಸುವುದು ವಿಮರ್ಶೆಯ ಮೊದಲ ಕರ್ತವ್ಯ.

ಯಾರ ಕೂಲಿ ದುಬಾರಿ? ಆಲೆನ್ ಅವರು ಅಳೆದದ್ದು ಮುಖ್ಯವಾಗಿ ಕಟ್ಟಡ ಕಟ್ಟುವ ಗಂಡಸರ ಕೂಲಿಯನ್ನು. ಜೆನ್ನಿಯು ಕಿತ್ತುಕೊಂಡದ್ದೋ, ಗಾರೆಯವನ ಕೆಲಸವನ್ನಲ್ಲ. ಮನೆಯ ಮೂಲೆಯಲ್ಲಿ ಕುಳಿತು ರಾಟೆ ತಿರುಗಿಸುತ್ತಿದ್ದ ಹೆಂಗಸಿನ ಕೆಲಸವನ್ನು. ಈ ಭೇದವನ್ನು ಹಿಡಿದು ಜೇನ್ ಹಂಫ್ರೀಸ್ ಎಂಬ ವಿದುಷಿಯು ೨೦೧೩ರಲ್ಲಿ ಆಲೆನ್ ಅವರ ವಾದವನ್ನು ಖಂಡಿಸಿದರು. ಬಳಿಕ ೨೦೧೯ರಲ್ಲಿ ಬೆಂಜಮಿನ್ ಷ್ನೈಡರ್ ಅವರೊಡನೆ ಸೇರಿ, ಕೈಯಿಂದ ನೂಲುತ್ತಿದ್ದ ಹೆಂಗಸರ ಮಕ್ಕಳ ಸಂಪಾದನೆಯ ದಾಖಲೆಗಳನ್ನು ಕಲೆಹಾಕಿ, ಆ ಕೂಲಿಯು ದುಬಾರಿಯಾಗಿರಲಿಲ್ಲವೆಂದೂ, ಬಹು ಕಡಿಮೆಯಾಗಿದ್ದು ಏರದೆ ನಿಂತಿತ್ತೆಂದೂ ಪ್ರತಿಪಾದಿಸಿದರು. ಅವರ ಅಭಿಪ್ರಾಯದಲ್ಲಿ ಯಂತ್ರವು ದುಬಾರಿಯಾದ ಕೈಗೆ ಬದಲಾಗಿ ಬಂದುದಲ್ಲ. ಅಗ್ಗದ ಕೈಗಳನ್ನು, ಅದರಲ್ಲೂ ಎಳೆಯ ಕೈಗಳನ್ನು, ಒಂದು ಸೂರಿನ ಕೆಳಗೆ ಶಿಸ್ತಿಗೆ ಒಳಪಡಿಸುವ ಉಪಾಯವಾಗಿ ಬಂದುದು. ಆಲೆನ್ ಅವರು ಈ ಲೆಕ್ಕವನ್ನೊಪ್ಪದೆ ೨೦೨೦ರಲ್ಲಿ ಉತ್ತರವಿತ್ತರು. ಇದಲ್ಲದೆ ಜೂಡಿ ಸ್ಟೀಫನ್‌ಸನ್ ಎಂಬವರು ೨೦೧೮ರಲ್ಲಿ ಲಂಡನ್ನಿನ ಕಟ್ಟಡಗಳ ಲೆಕ್ಕಪುಸ್ತಕಗಳನ್ನು ಶೋಧಿಸಿ, ಅಲ್ಲಿ ಕೂಲಿಯೆಂದು ಬರೆದಿರುವ ಮೊತ್ತವು ಗುತ್ತಿಗೆದಾರನಿಗೆ ಸಂದದ್ದೆಂದೂ, ಕೂಲಿಕಾರನ ಕೈಸೇರಿದ್ದು ಅದಕ್ಕಿಂತ ನೂರಕ್ಕೆ ಇಪ್ಪತ್ತು ಮೂವತ್ತರಷ್ಟು ಕಡಿಮೆಯೆಂದೂ ತೋರಿಸಿದರು. ಗುತ್ತಿಗೆಯ ಮರ್ಮವನ್ನು ಬಲ್ಲ ಯಾವ ಊರಿನವರಿಗೂ ಈ ಸಂಶೋಧನೆಯು ಅನಿರೀಕ್ಷಿತವೆನಿಸದು.

ದಕ್ಷಿಣ ಭಾರತದ ಕಡೆಯಿಂದಲೂ ಒಂದು ಆಕ್ಷೇಪ ಬಂದಿತು. ಹದಿನೆಂಟನೆಯ ಶತಮಾನದ ದಕ್ಷಿಣದ ನೇಕಾರನ ಸಂಪಾದನೆಯನ್ನು ನಾಣ್ಯದಲ್ಲಿ ಅಳೆಯದೆ, ಅದರಿಂದ ಕೊಳ್ಳಬಹುದಾಗಿದ್ದ ಧಾನ್ಯದಲ್ಲಿ ಅಳೆದರೆ, ಅವನು ಇಂಗ್ಲೆಂಡಿನ ನೇಕಾರನಿಗೆ ಸರಿಸಮಾನನೆಂದು ಪ್ರಸನ್ನನ್ ಪಾರ್ಥಸಾರಥಿಯವರು ೧೯೯೮ರಲ್ಲಿ ವಾದಿಸಿದರು. ಅನ್ನ ಅಗ್ಗವಾಗಿದ್ದುದರಿಂದ ಬಟ್ಟೆ ಅಗ್ಗ, ನೇಕಾರನು ಹಸಿದುದರಿಂದಲ್ಲ ಎಂಬುದು ಅವರ ಮತ. ಬ್ರಾಡ್‌ಬೆರಿ, ಬಿಷ್ಣುಪ್ರಿಯ ಗುಪ್ತ ಇವರು ೨೦೦೬ರಲ್ಲಿ ಬೇರೆ ಅಂಕಿಗಳನ್ನು ಮುಂದಿಟ್ಟು ಇದನ್ನು ಅಲ್ಲಗಳೆದರು. ಜಗಳವು ತೀರಿಲ್ಲ. ಆದರೂ ಇಷ್ಟು ನಿಶ್ಚಯವಾಗಿ ಹೇಳಬಹುದು: ನಾಣ್ಯದಲ್ಲಿ ಕೂಲಿ ಅಗ್ಗವಾಗಿರುವುದು ಬೇರೆ, ಕೂಲಿಕಾರನು ಬಡವನಾಗಿರುವುದು ಬೇರೆ. ಯಂತ್ರವನ್ನು ಕೊಳ್ಳುವವನು ನೋಡುವುದು ಮೊದಲನೆಯದನ್ನು. ದೇಶದ ಸುಖದುಃಖವನ್ನು ಅಳೆಯುವವನು ನೋಡಬೇಕಾದುದು ಎರಡನೆಯದನ್ನು. ಆಲೆನ್ ಅವರ ಗ್ರಂಥದಲ್ಲಿ ಈ ಎರಡು ಅಳತೆಗಳೂ ಇವೆ. ಆದರೆ ಓಟದ ರಭಸದಲ್ಲಿ ಒಂದರ ನೆರಳು ಇನ್ನೊಂದರ ಮೇಲೆ ಬೀಳುವುದನ್ನು ಎಚ್ಚರಿಕೆಯ ವಾಚಕರು ಗಮನಿಸದಿರಲಾರರು.

೪

ಮೋಕಿರ್ ಅವರ ಗ್ರಂಥವು ಬೆಲೆಪಟ್ಟಿಯಿಂದ ಮೊದಲಾಗುವುದಿಲ್ಲ. ಮನುಷ್ಯರ ನಂಬಿಕೆಗಳಿಂದ ಮೊದಲಾಗುವುದು. ಬೆಲೆಗಳು ಎಷ್ಟೇ ಪ್ರಚೋದಿಸಿದರೂ, ಗೊತ್ತಿಲ್ಲದುದನ್ನು ಯಾರೂ ಕಲ್ಪಿಸಲಾರರು ಎಂಬುದು ಅವರ ಮೊದಲ ಹೆಜ್ಜೆ. ಜ್ಞಾನದಲ್ಲಿ ಅವರು ಎರಡು ಬಗೆಗಳನ್ನು ಎಣಿಸುವರು. ವಸ್ತುವಿನ ಸ್ವಭಾವವು ಹೀಗಿದೆಯೆಂದು ತಿಳಿಯುವುದು ಒಂದು. ಹೀಗೆ ಮಾಡಿದರೆ ಹೀಗಾಗುವುದೆಂದು ಬಲ್ಲದ್ದು ಇನ್ನೊಂದು. ಒಂದನ್ನು ತತ್ತ್ವವೆಂದೂ ಇನ್ನೊಂದನ್ನು ಕೈಚಳಕವೆಂದೂ ಕರೆಯಬಹುದು. ಹೆಚ್ಚಿನ ದೇಶಗಳಲ್ಲಿ, ಹೆಚ್ಚಿನ ಕಾಲಗಳಲ್ಲಿ, ಇವೆರಡೂ ಬೇರೆ ಬೇರೆ ಬೀದಿಗಳಲ್ಲಿ ವಾಸಮಾಡಿದುವು. ಪಂಡಿತನಿಗೆ ಕುಲುಮೆಯ ಹೊಗೆ ತಿಳಿಯದು. ಕಮ್ಮಾರನಿಗೆ ಪಂಡಿತನ ಗ್ರಂಥ ತಿಳಿಯದು. ಹದಿನೇಳು ಹದಿನೆಂಟನೆಯ ಶತಮಾನಗಳ ಯೂರೋಪಿನಲ್ಲಿ, ವಿಶೇಷವಾಗಿ ಬ್ರಿಟನ್ನಿನಲ್ಲಿ, ಈ ಎರಡು ಬೀದಿಗಳ ನಡುವೆ ಒಂದು ದಾರಿ ತೆರೆಯಿತೆಂಬುದೇ ಮೋಕಿರ್ ಅವರ ಸಿದ್ಧಾಂತ.

ಆ ದಾರಿಯನ್ನು ತೆರೆದವರಲ್ಲಿ ಬೇಕನ್ನನಿಗೆ ಅವರು ಅಗ್ರಸ್ಥಾನವನ್ನು ಕೊಡುವರು. ಜ್ಞಾನವು ಮನುಷ್ಯನ ಸ್ಥಿತಿಯನ್ನು ಉತ್ತಮಪಡಿಸಲು ಇರುವುದೆಂಬ ಅವನ ಮಾತು ೧೬೬೦ರಲ್ಲಿ ಹುಟ್ಟಿದ ರಾಯಲ್ ಸೊಸೈಟಿಗೆ ಬೀಜಮಂತ್ರವಾಯಿತು. ದೇಶದೇಶಗಳ ವಿದ್ವಾಂಸರು ಪತ್ರಮುಖೇನ ವಾದಿಸುತ್ತ, ಒಬ್ಬರ ತಪ್ಪನ್ನೊಬ್ಬರು ತೋರುತ್ತ, ಕಂಡುಹಿಡಿದದ್ದನ್ನು ಗುಟ್ಟಾಗಿಡದೆ ಪ್ರಕಟಿಸುತ್ತ ಕಟ್ಟಿಕೊಂಡ ‘ಅಕ್ಷರಗಣರಾಜ್ಯ’ವೊಂದಿತ್ತು, ಅದಕ್ಕೆ ಅರಸನಿರಲಿಲ್ಲ, ಗಡಿಯಿರಲಿಲ್ಲ. ಯೂರೋಪು ಅನೇಕ ರಾಜ್ಯಗಳಾಗಿ ಒಡೆದುಹೋಗಿದ್ದುದೇ ಇದಕ್ಕೆ ರಕ್ಷೆಯಾಯಿತು. ಒಬ್ಬ ದೊರೆ ಓಡಿಸಿದ ಪಂಡಿತನಿಗೆ ಮತ್ತೊಬ್ಬ ದೊರೆಯ ಊರಿನಲ್ಲಿ ಅನ್ನವೂ ಅಚ್ಚುಕೂಟವೂ ದೊರೆಯುತ್ತಿದ್ದುವು. ಏಕಚ್ಛತ್ರವಾಗಿದ್ದ ಚೀನದಲ್ಲಿ ಪಾಂಡಿತ್ಯಕ್ಕೆ ಕೊರತೆಯಿರಲಿಲ್ಲ. ಆದರೆ ಸರ್ಕಾರದ ಪರೀಕ್ಷೆಯೊಂದೇ ವಿದ್ಯೆಯ ಹೆಬ್ಬಾಗಿಲಾಗಿದ್ದುದರಿಂದ ಆ ಬಾಗಿಲಿಗೆ ತಕ್ಕ ವಿದ್ಯೆಯೇ ಬೆಳೆಯಿತು.

ನ್ಯೂಕಾಮೆನ್ನನ ಯಂತ್ರವೇ ಮೋಕಿರ್ ಅವರ ಪಕ್ಷಕ್ಕೂ ಸಾಕ್ಷಿ ಹೇಳುವುದು. ಗಾಳಿಗೆ ತೂಕವಿದೆಯೆಂದು ಇಟಲಿಯಲ್ಲಿ ಟಾರಿಚೆಲ್ಲಿಯು ತೋರಿಸದಿದ್ದರೆ, ಜರ್ಮನಿಯಲ್ಲಿ ಗೆರಿಕನು ಶೂನ್ಯವನ್ನು ಗೋಳದಲ್ಲಿ ಹಿಡಿದು ನಿಲ್ಲಿಸದಿದ್ದರೆ, ಫ್ರಾನ್ಸಿನಿಂದ ಹೊರಬಿದ್ದ ಪಾಪಿನನು ೧೬೯೦ರಲ್ಲಿ ಕೊಂತಕೊಳವೆಯ ಮಾದರಿಯನ್ನು ಮಾಡದಿದ್ದರೆ, ಇಂಗ್ಲೆಂಡಿನ ಇದ್ದಲು ಎಷ್ಟೇ ಅಗ್ಗವಾಗಿದ್ದರೂ ಉಗಿಯಂತ್ರ ಹುಟ್ಟುತ್ತಿರಲಿಲ್ಲ. ಅಷ್ಟೇ ಅಲ್ಲ, ೧೭೭೪ರಲ್ಲಿ ವಿಲ್ಕಿನ್‌ಸನ್ನನು ಫಿರಂಗಿ ಕೊರೆಯಲು ಮಾಡಿದ ಹೊಸ ಉಪಕರಣವಿಲ್ಲದಿದ್ದರೆ ವಾಟನ ಯಂತ್ರದ ಉರುಳೆಯು ಸರಿಯಾಗಿ ಕೂರುತ್ತಿರಲಿಲ್ಲ. ತತ್ತ್ವವು ಮೂರು ದೇಶಗಳಿಂದ ಬಂದಿತು. ಕೈಚಳಕವು ಬ್ರಿಟನ್ನಿನ ಗಡಿಯಾರ ಮಾಡುವವರಲ್ಲಿ, ಗಿರಣಿ ಕಟ್ಟುವವರಲ್ಲಿ, ಕಬ್ಬಿಣ ಎರೆಯುವವರಲ್ಲಿ ಸಿದ್ಧವಾಗಿತ್ತು.

೫

ಕುಂಭಕ್ಕೆ ಮಣ್ಣು ಉಪಾದಾನಕಾರಣ, ಕುಂಬಾರನು ನಿಮಿತ್ತಕಾರಣ ಎಂದು ತರ್ಕಶಾಸ್ತ್ರವು ವಿಂಗಡಿಸುವುದು. ಈ ವಿಂಗಡಣೆಯನ್ನು ಮರೆತುದರಿಂದಲೇ ಎರಡು ಪಕ್ಷಗಳ ನಡುವಿನ ವಾದವು ಅನಾವಶ್ಯಕವಾಗಿ ಬೆಳೆದಂತೆ ಕಾಣುವುದು. ಆಲೆನ್ ಅವರು ಹೇಳುವುದು, ಕುಂಬಾರನು ಈ ಊರಿನಲ್ಲಿ ಈ ದಿನ ಚಕ್ರವನ್ನು ತಿರುಗಿಸಿದುದೇಕೆಂಬುದನ್ನು. ಮೋಕಿರ್ ಅವರು ಹೇಳುವುದು, ಮಣ್ಣು ಎಲ್ಲಿಂದ ಬಂದಿತೆಂಬುದನ್ನು. ಒಂದರಿಂದ ಇನ್ನೊಂದರ ಕೆಲಸವಾಗದು.

ಆದರೆ ಮೋಕಿರ್ ಅವರ ಗ್ರಂಥದಲ್ಲಿಯೂ ಕೊರತೆಗಳಿವೆ. ಮೊದಲನೆಯದು, ಹತ್ತಿಯ ಯಂತ್ರಗಳನ್ನು ಕಲ್ಪಿಸಿದವರಿಗೂ ಅಕ್ಷರಗಣರಾಜ್ಯಕ್ಕೂ ಇದ್ದ ನಂಟು ತೀರ ತೆಳುವಾದುದು. ಹಾರ್‌ಗ್ರೀವ್ಸನು ನೇಕಾರ, ಆರ್ಕ್‌ರೈಟನು ಕ್ಷೌರಿಕ, ೧೭೭೯ರಲ್ಲಿ ‘ಮ್ಯೂಲ್’ ಯಂತ್ರವನ್ನು ರಚಿಸಿದ ಕ್ರಾಂಪ್ಟನ್ನನು ನೂಲುವವ. ಇವರ ಯಂತ್ರಗಳಲ್ಲಿ ನ್ಯೂಟನ್ನನ ತತ್ತ್ವಕ್ಕಿಂತ ಬಡಗಿಯ ಉಳಿಯ ಗುರುತೇ ಹೆಚ್ಚು. ಎರಡನೆಯದು, ಅಕ್ಷರಗಣರಾಜ್ಯವು ಹಾಲೆಂಡಿನಲ್ಲಿಯೂ ಫ್ರಾನ್ಸಿನಲ್ಲಿಯೂ ಇಂಗ್ಲೆಂಡಿನಷ್ಟೇ ಬೆಳಗುತ್ತಿದ್ದಾಗ ಫಲವು ಇಲ್ಲಿಯೇ ಮೊದಲು ಮಾಗಿದುದೇಕೆ ಎಂಬ ಪ್ರಶ್ನೆಗೆ ಗ್ರಂಥವು ಕೊಡುವ ಉತ್ತರವು ಮತ್ತೆ ಕುಶಲಕರ್ಮಿಗಳ ಕಡೆಗೂ, ಅವರಿಗೆ ದೊರೆಯುತ್ತಿದ್ದ ಆದಾಯದ ಕಡೆಗೂ ತಿರುಗುವುದು. ಅಂದರೆ ಹಿಂಬಾಗಿಲಿನಿಂದ ಆಲೆನ್ ಅವರೇ ಒಳಕ್ಕೆ ಬರುವರು.

ಮೂರನೆಯ ಕೊರತೆಯು ಇವೆರಡಕ್ಕಿಂತ ಗುರುತರವಾದುದು. ವಿಚಾರಗಳ ಚರಿತ್ರೆಯನ್ನು ಬರೆಯುವವರಿಗೆ ಬಲಾತ್ಕಾರದ ಚರಿತ್ರೆಯು ಮಬ್ಬಾಗಿ ಕಾಣುವುದು ಸಹಜ. ಸಹಜವಾದ ಮಾತ್ರಕ್ಕೆ ಕ್ಷಮ್ಯವಲ್ಲ. ಭಾರತದ ಚೀಟಿಬಟ್ಟೆ ಇಂಗ್ಲೆಂಡಿಗೆ ಬಾರದಂತೆ ೧೭೦೦ರಲ್ಲಿ ಶಾಸನವಾಯಿತು. ೧೭೨೧ರಲ್ಲಿ ಅದನ್ನು ಇನ್ನೂ ಬಿಗಿ ಮಾಡಲಾಯಿತು. ಆ ಬೇಲಿಯ ಮರೆಯಲ್ಲಿ ಲ್ಯಾಂಕಾಷೈರಿನವರು ಭಾರತದ ಬಟ್ಟೆಯನ್ನು ಅನುಕರಿಸಲು ಕಲಿತರು. ಗಿರಣಿಗೆ ಬೇಕಾದ ಹತ್ತಿಯನ್ನು ಬೆಳೆದವರು ಯಾರು? ಅಮೆರಿಕದ ಅಂತರ್ಯುದ್ಧದ ಮುನ್ನಾ ವರ್ಷಗಳಲ್ಲಿ ಬ್ರಿಟನ್ನಿಗೆ ಬರುತ್ತಿದ್ದ ಹತ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕ್ರೀತದಾಸರ ಬೆವರಿನಿಂದ ಬೆಳೆದದ್ದು. ಕಲ್ಲಿದ್ದಲೂ ವಸಾಹತುಗಳೂ ಇಲ್ಲದಿದ್ದರೆ ಇಂಗ್ಲೆಂಡು ಚೀನದ ಯಾಂಗ್‌ಟ್ಸಿ ನದಿಯ ಮುಖಜಭೂಮಿಗಿಂತ ಬಹಳ ಮುಂದೆ ಹೋಗುತ್ತಿರಲಿಲ್ಲವೆಂದು ೨೦೦೦ದಲ್ಲಿ ಕೆನೆತ್ ಪೊಮರಾಂಜರು ವಾದಿಸಿದರು. ಆ ವಾದವನ್ನು ಪೂರ್ತಿ ಒಪ್ಪಬೇಕಾಗಿಲ್ಲ. ದಾಸ್ಯವೂ ವಸಾಹತುಗಳೂ ಸ್ಪೇನಿಗೂ ಪೋರ್ಚುಗಲ್ಲಿಗೂ ಇದ್ದುವು, ಅವು ಯಂತ್ರಯುಗವನ್ನು ತರಲಿಲ್ಲ. ಆದರೂ ಅಕ್ಷರಗಣರಾಜ್ಯದ ವರ್ಣನೆಗೆ ಅಧ್ಯಾಯಗಳು ಮೀಸಲಾದಲ್ಲಿ ಹತ್ತಿಯ ಹೊಲಕ್ಕೆ ಅದರ ನ್ಯಾಯವಾದ ಪಾಲು ಸಿಕ್ಕದಿರುವುದು ಚಿತ್ರವನ್ನು ಒಂದು ಕಡೆಗೆ ವಾಲಿಸುವುದು.

ಇಷ್ಟು ಹೇಳಿದ ಮೇಲೂ ಮೋಕಿರ್ ಅವರಿಗೆ ಸಲ್ಲಬೇಕಾದ ಹಿರಿಮೆ ಕಡಿಮೆಯಾಗದು. ಅವರ ಬಲವಿರುವುದು ‘ಏಕೆ ಮೊದಲಾಯಿತು’ ಎಂಬಲ್ಲಿ ಅಲ್ಲ, ‘ಏಕೆ ನಿಲ್ಲಲಿಲ್ಲ’ ಎಂಬಲ್ಲಿ. ಸೋಂಗ್ ಅರಸರ ಕಾಲದ ಚೀನದಲ್ಲಿಯೂ ಕಬ್ಬಿಣ ಹರಿದಿತ್ತು, ಮುದ್ರಣವಿತ್ತು, ಸಿಡಿಮದ್ದಿತ್ತು. ಆ ಬೆಳಕು ಸ್ವಲ್ಪ ಕಾಲ ಬೆಳಗಿ ಮಂಕಾಯಿತು. ಅಗ್ಗದ ಇದ್ದಲು ಒಂದು ಯಂತ್ರವನ್ನು ಹುಟ್ಟಿಸಬಲ್ಲುದು. ಯಂತ್ರದ ಮೇಲೆ ಯಂತ್ರವನ್ನು, ರಸಾಯನದ ಮೇಲೆ ವಿದ್ಯುತ್ತನ್ನು ನೂರಾರು ವರ್ಷ ಹುಟ್ಟಿಸುತ್ತಿರಲು ತತ್ತ್ವದ ಊಟೆಯೇ ಬೇಕು. ೧೯೦೯ರಿಂದ ೧೯೪೯ರವರೆಗೆ ಅಮೆರಿಕದಲ್ಲಿ ಒಂದು ಗಂಟೆಯ ದುಡಿಮೆಯ ಫಲವು ಇಮ್ಮಡಿಯಾದುದನ್ನು ೧೯೫೭ರಲ್ಲಿ ಲೆಕ್ಕಮಾಡಿದ ರಾಬರ್ಟ್ ಸೋಲೋ ಅವರು, ಅದರಲ್ಲಿ ಎಂಟನೆಯ ಒಂದು ಪಾಲನ್ನು ಮಾತ್ರ ಬಂಡವಾಳದ ಹೆಚ್ಚಳಕ್ಕೆ ಸಲ್ಲಿಸಿ, ಉಳಿದ ಏಳು ಪಾಲನ್ನು ಕಾರ್ಯವಿಧಾನದ ಸುಧಾರಣೆಯ ಲೆಕ್ಕಕ್ಕೆ ಸೇರಿಸಬೇಕಾಯಿತು. ಆ ಏಳು ಪಾಲಿನೊಳಗೆ ಏನಿದೆಯೆಂದು ಬಿಡಿಸಿ ನೋಡುವ ಪ್ರಯತ್ನದಲ್ಲಿ ಮೋಕಿರ್ ಅವರಷ್ಟು ಆಳಕ್ಕೆ ಇಳಿದವರು ಕೆಲವರೇ.

೬

ಕಾರಣದ ವಿಚಾರ ಹೀಗಾಯಿತು. ಪರಿಣಾಮದ ವಿಚಾರದಲ್ಲಿ ಆಲೆನ್ ಅವರೇ ೨೦೦೯ರಲ್ಲಿ ಬರೆದ ಒಂದು ಲೇಖನವು ಎರಡು ದೊಡ್ಡ ಗ್ರಂಥಗಳಿಗಿಂತಲೂ ಮನಸ್ಸನ್ನು ಕಲಕುವಂಥದು. ೧೭೮೦ರಿಂದ ೧೮೪೦ರವರೆಗಿನ ಅರವತ್ತು ವರ್ಷಗಳಲ್ಲಿ ಬ್ರಿಟನ್ನಿನ ಒಬ್ಬೊಬ್ಬ ದುಡಿಯುವವನ ಉತ್ಪನ್ನವು ನೂರಕ್ಕೆ ೪೬ರಷ್ಟು ಹೆಚ್ಚಿತು. ಅವನ ನಿಜವಾದ ಕೂಲಿಯು ಹೆಚ್ಚಿದುದು ನೂರಕ್ಕೆ ೧೨ರಷ್ಟು ಮಾತ್ರ. ಉಳಿದುದು ಬಂಡವಾಳಗಾರನ ಲಾಭಕ್ಕೆ ಹೋಯಿತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುವ ಗಾದೆಯಲ್ಲಿ ಕೈಯೂ ಬಾಯಿಯೂ ಒಬ್ಬನವೇ ಎಂಬ ಭಾವನೆ ಇದೆ. ಆ ಅರವತ್ತು ವರ್ಷಗಳಲ್ಲಿ ಕೆಸರಾದ ಕೈ ಒಬ್ಬನದು, ಮೊಸರುಂಡ ಬಾಯಿ ಇನ್ನೊಬ್ಬನದು.

ಕೈಮಗ್ಗದವರ ಕಥೆಯೇ ಇದಕ್ಕೆ ನಿದರ್ಶನ. ನೂಲುವ ಯಂತ್ರಗಳು ಬಂದು ನೂಲು ಅಗ್ಗವಾದಾಗ ನೇಯುವವರಿಗೆ ಮೊದಲು ಸುಗ್ಗಿಯಾಯಿತು; ಊರೂರಿನ ಜನ ಮಗ್ಗಕ್ಕೆ ಕುಳಿತರು. ಆಮೇಲೆ ಯಂತ್ರಮಗ್ಗ ಬಂದಿತು. ೧೮೧೩ರಲ್ಲಿ ಬ್ರಿಟನ್ನಿನಲ್ಲಿ ಸುಮಾರು ೨,೪೦೦ ಯಂತ್ರಮಗ್ಗಗಳಿದ್ದರೆ ೧೮೩೩ರ ವೇಳೆಗೆ ಸುಮಾರು ೧,೦೦,೦೦೦ ಆಗಿದ್ದುವು. ೧೮೨೦ರ ಸುಮಾರಿಗೆ ಎರಡು ಲಕ್ಷಕ್ಕೂ ಮಿಗಿಲಾಗಿದ್ದ ಹತ್ತಿಯ ಕೈಮಗ್ಗದವರು ೧೮೫೦ರ ಹೊತ್ತಿಗೆ ಐವತ್ತು ಸಾವಿರಕ್ಕಿಂತ ಕಡಿಮೆಯಾದರು. ಅವರು ಒಂದೇ ದಿನ ಮಗ್ಗ ಬಿಟ್ಟೇಳಲಿಲ್ಲ. ವರ್ಷವರ್ಷವೂ ಇಳಿಯುವ ಕೂಲಿಗೆ ಹೆಚ್ಚು ಹೆಚ್ಚು ಹೊತ್ತು ನೇಯುತ್ತ ನೇಯುತ್ತ ಕರಗಿದರು. ಇದಕ್ಕೆ ಮುನ್ನವೇ, ೧೮೧೧-೧೨ರಲ್ಲಿ, ನಾಟಿಂಗ್‌ಹ್ಯಾಮ್ ಪ್ರಾಂತದ ಕಾಲುಚೀಲ ಹೆಣೆಯುವವರು ಯಂತ್ರದ ಚೌಕಟ್ಟುಗಳನ್ನು ಮುರಿಯತೊಡಗಿದರು. ಮುರಿದವರಿಗೆ ಮರಣದಂಡನೆ ವಿಧಿಸುವ ಮಸೂದೆಯು ೧೮೧೨ರಲ್ಲಿ ಪ್ರಭುಗಳ ಸಭೆಗೆ ಬಂದಾಗ, ಅದನ್ನು ವಿರೋಧಿಸಿ ತನ್ನ ಚೊಚ್ಚಲ ಭಾಷಣವನ್ನು ಮಾಡಿದವನು ಕವಿ ಬೈರನ್. ಮಸೂದೆಯು ಶಾಸನವಾಯಿತು. ಕವಿಯ ಮಾತು ಮಾತ್ರ ಆ ಸಭೆಯ ಮರ್ಯಾದೆಯನ್ನು ಸ್ವಲ್ಪಮಟ್ಟಿಗೆ ಉಳಿಸಿತು.

ಮಕ್ಕಳ ಸ್ಥಿತಿ ಇನ್ನೂ ಕರುಣಾಜನಕವಾದುದು. ಹಂಫ್ರೀಸ್ ಅವರು ೨೦೧೦ರಲ್ಲಿ ಪ್ರಕಟಿಸಿದ ಗ್ರಂಥಕ್ಕಾಗಿ ದುಡಿಯುವ ವರ್ಗದ ಗಂಡಸರು ಬರೆದಿಟ್ಟ ಆರುನೂರಕ್ಕೂ ಮಿಕ್ಕ ಆತ್ಮಚರಿತ್ರೆಗಳನ್ನು ಓದಿ, ಯಂತ್ರಯುಗವು ಬಲಿಯುತ್ತಿದ್ದಂತೆ ಮಕ್ಕಳು ಇನ್ನೂ ಎಳೆಯ ವಯಸ್ಸಿನಲ್ಲಿ ಕೆಲಸಕ್ಕೆ ನೂಕಲ್ಪಟ್ಟುದನ್ನು ಎತ್ತಿ ತೋರಿಸಿರುವರು. ಬಟ್ಟೆಯ ಗಿರಣಿಗಳಲ್ಲಿ ಒಂಬತ್ತು ವರ್ಷಕ್ಕೆ ಕಡಿಮೆಯಾದ ಮಗುವನ್ನು ದುಡಿಸಬಾರದೆಂದು ಪಾರ್ಲಿಮೆಂಟು ವಿಧಿಸಿದ್ದು ೧೮೩೩ರಲ್ಲಿ. ಹೆಂಗಸರಿಗೂ ಹದಿಹರೆಯದವರಿಗೂ ದಿನಕ್ಕೆ ಹತ್ತು ಗಂಟೆಯ ಮಿತಿ ಹಾಕಿದ್ದು ೧೮೪೭ರಲ್ಲಿ. ಐಶ್ವರ್ಯವು ತಾನಾಗಿ ಹಂಚಿಕೊಳ್ಳಲಿಲ್ಲ. ಶಾಸನದಿಂದ, ಸಂಘಟನೆಯಿಂದ, ನಿರಂತರವಾದ ಒತ್ತಾಯದಿಂದ ಅದನ್ನು ಹಂಚಿಸಬೇಕಾಯಿತು.

ಅಘಿಯೋ ಮತ್ತು ಹೌವಿಟ್ ಅವರು ಗಣಿತಸೂತ್ರಕ್ಕಿಳಿಸಿದ ‘ಸೃಜನಶೀಲ ವಿನಾಶ’ವೆಂಬ ಕಲ್ಪನೆಯು ಷುಂಪೀಟರನದು, ಆತನು ಅದನ್ನು ೧೯೪೨ರ ಗ್ರಂಥದಲ್ಲಿ ಪ್ರಸಿದ್ಧಪಡಿಸಿದನು. ಹೊಸ ವಿಧಾನವು ಹಳೆಯದನ್ನು ಕೊಂದೇ ಬೆಳೆಯುವುದೆಂಬುದು ಅದರ ಅರ್ಥ. ಸೂತ್ರದಲ್ಲಿ ಸೃಜನವೂ ವಿನಾಶವೂ ಸಮಾಸವಾಗಿ ಕೂಡಿ ನಿಂತಿವೆ. ಜೀವನದಲ್ಲಿ ಸೃಜನವು ಒಬ್ಬರ ಮನೆಯಲ್ಲಿ, ವಿನಾಶವು ಮತ್ತೊಬ್ಬರ ಮನೆಯಲ್ಲಿ ನಡೆಯುವುದು. ಸಮಾಸವನ್ನು ಬಿಡಿಸಿ ವಿಗ್ರಹವಾಕ್ಯ ಹೇಳುವುದೇ ಚರಿತ್ರಕಾರನ ಕೆಲಸ.

ಇದೇ ತೂಕದಲ್ಲಿ ಇನ್ನೊಂದು ತಟ್ಟೆಯನ್ನೂ ಮರೆಯುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದೀಚೆಗೆ ಬ್ರಿಟನ್ನಿನ ಕೂಲಿಕಾರನ ಆದಾಯವು ಉತ್ಪನ್ನದೊಡನೆ ಏರತೊಡಗಿತು. ಇನ್ನೂರು ವರ್ಷಗಳ ಹಿಂದೆ ಯಾವ ಅರಸನೂ ತನ್ನ ಮಕ್ಕಳೆಲ್ಲ ಬದುಕುವರೆಂದು ನಂಬುವಂತಿರಲಿಲ್ಲ. ಈ ಹೊತ್ತು ಲೋಕದ ಸರಾಸರಿ ಆಯುಸ್ಸೇ ಎಪ್ಪತ್ತನ್ನು ದಾಟಿದೆ. ಹೆಚ್ಚಿದ ಉತ್ಪನ್ನವಿಲ್ಲದಿದ್ದರೆ ಶಾಲೆಯಾಗಲಿ ಔಷಧಿಯಾಗಲಿ ಶುದ್ಧವಾದ ನೀರಾಗಲಿ ಎಲ್ಲರಿಗೂ ಎಟುಕುತ್ತಿರಲಿಲ್ಲ. ಆದರೆ ನ್ಯೂಕಾಸಲಿನ ಇದ್ದಲಿನಿಂದ ಮೊದಲಾದ ಹೊಗೆಯು ಈಗ ಇಡೀ ಭೂಮಿಯ ಹವೆಯನ್ನೇ ಕಾಯಿಸುತ್ತಿರುವುದೂ ಅದೇ ಲೆಕ್ಕದ ಪುಟಕ್ಕೆ ಸೇರಿದ್ದು. ಎರಡು ಗ್ರಂಥಗಳೂ ಜಮೆಯ ಪಕ್ಕವನ್ನು ಬರೆದಷ್ಟು ನಿಷ್ಕೃಷ್ಟವಾಗಿ ಖರ್ಚಿನ ಪಕ್ಕವನ್ನು ಬರೆದಿಲ್ಲ.

೭

ಮ್ಯಾಂಚೆಸ್ಟರಿನ ಗಿರಣಿಗೂ ಕನ್ನಡ ನಾಡಿಗೂ ಇದ್ದ ಸಂಬಂಧವು ದೂರದ್ದಲ್ಲ. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು, ಹೆಂಗಸರು ಹತ್ತಿಯನ್ನು ನೂತು ವಾರದ ಸಂತೆಗಳಲ್ಲಿ ನೂಲನ್ನು ನೇಕಾರರಿಗೆ ಮಾರುತ್ತಿದ್ದುದನ್ನು ಬರೆದಿಟ್ಟಿರುವನು. ಮುಂದಿನ ದಶಕಗಳಲ್ಲಿ ಗಿರಣಿಯ ನೂಲು ಹಡಗಿನಲ್ಲಿ ಬಂದಿತು. ಸಂತೆಗೆ ಹೋಗುವ ಆ ಹೆಂಗಸರ ಚಿಕ್ಕ ಸಂಪಾದನೆ ಸದ್ದಿಲ್ಲದೆ ನಿಂತುಹೋಯಿತು. ೧೮೪೦ರ ದಶಕದಿಂದ ಧಾರವಾಡ ಸೀಮೆಯ ಎರ್ರೆಮಣ್ಣಿನಲ್ಲಿ ಅಮೆರಿಕದ ಹತ್ತಿಯ ಬೀಜವನ್ನು ಬಿತ್ತಿಸಲಾಯಿತು; ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನಿಂದ ಆ ಹತ್ತಿಯು ಲ್ಯಾಂಕಾಷೈರಿಗೆ ಸಾಗಿತು. ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ಬೆಲೆ ಗಗನಕ್ಕೇರಿತು, ಯುದ್ಧ ಮುಗಿದೊಡನೆ ಕುಸಿಯಿತು. ಇಂಗ್ಲೆಂಡಿನ ರಾಟೆಯ ಹೆಂಗಸೂ ಮೈಸೂರಿನ ಸಂತೆಯ ಹೆಂಗಸೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಒಂದೇ ಯಂತ್ರವು ಇಬ್ಬರ ಕದಿರುಗಳನ್ನೂ ನಿಲ್ಲಿಸಿತು. ಇಬ್ಬರ ಹೆಸರೂ ಯಾವ ಬೆಲೆಪಟ್ಟಿಯಲ್ಲಿಯೂ ಇಲ್ಲ. ಆಲೆನ್ ಅವರ ಸಿದ್ಧಾಂತವು ಅಲುಗಾಡಿದುದು ಇಂಥವರ ಕೂಲಿಯನ್ನು ಎಣಿಸದೆ ಬಿಟ್ಟುದರಿಂದಲೇ ಎಂಬುದನ್ನು ನೆನೆದರೆ, ಲೆಕ್ಕದಲ್ಲಿ ಕಾಣದವರನ್ನು ಲೆಕ್ಕಕ್ಕೆ ತರುವುದು ಕರುಣೆಯ ಮಾತು ಮಾತ್ರವಲ್ಲ, ಶಾಸ್ತ್ರದ ಮಾತೂ ಹೌದೆಂಬುದು ಸ್ಪಷ್ಟವಾಗುವುದು.

ಎರಡು ಗ್ರಂಥಗಳಿಂದಲೂ ತಿಳಿಯಬೇಕಾದ ನೀತಿ ಇಲ್ಲದಿಲ್ಲ. ಅಗ್ಗದ ಕೂಲಿಯೇ ದೇಶದ ಭಾಗ್ಯವೆಂದು ಹೆಮ್ಮೆಪಡುವವರಿಗೆ ಆಲೆನ್ ಅವರ ಗ್ರಂಥವು ಎಚ್ಚರಿಕೆ ಕೊಡುವುದು: ಮನುಷ್ಯನನ್ನು ಅಗ್ಗವಾಗಿಟ್ಟ ಕಡೆ ಅವನ ದುಡಿಮೆಯನ್ನು ಹಗುರಮಾಡುವ ಬುದ್ಧಿ ಯಾರಿಗೂ ಹುಟ್ಟದು. ವಿದ್ಯೆಯೆಂದರೆ ಪರೀಕ್ಷೆಯಲ್ಲಿ ತೇರ್ಗಡೆ ಹೊಂದುವುದೆಂದು ತಿಳಿದವರಿಗೆ ಮೋಕಿರ್ ಅವರ ಗ್ರಂಥವು ಎಚ್ಚರಿಕೆ ಕೊಡುವುದು: ಪಂಡಿತನ ಬೀದಿಗೂ ಕಮ್ಮಾರನ ಬೀದಿಗೂ ನಡುವೆ ದಾರಿಯಿಲ್ಲದ ಊರಿನಲ್ಲಿ ಎರಡು ಬೀದಿಗಳೂ ಬಡವಾಗಿಯೇ ಉಳಿಯುವುವು. ನೇಕಾರನೂ ಅಂಬಿಗನೂ ಅನುಭವದ ಮಾತನಾಡಿದ ನಾಡಿನ ವಾಚಕರಿಗೆ ಈ ಎರಡನೆಯ ಮಾತು ಅಪರಿಚಿತವಲ್ಲ. ಆದರೆ ಕಾಯಕಕ್ಕೆ ಗೌರವ ಸಂದರಷ್ಟೇ ಸಾಲದು, ಕಾಯಕದೊಳಗೆ ಪ್ರಶ್ನೆಯೂ ಪ್ರಯೋಗವೂ ಬರಬೇಕೆಂಬುದು ಮೋಕಿರ್ ಅವರಿಂದ ಕಲಿಯಬೇಕಾದ ಹೆಚ್ಚಿನ ಪಾಠ.

ಮೂರನೆಯ ಎಚ್ಚರಿಕೆಯನ್ನು ಎರಡು ಗ್ರಂಥಗಳೂ ಸೇರಿ ಹೇಳದೆ ಉಳಿಸಿರುವುವು. ಅದನ್ನು ಹಂಫ್ರೀಸ್ ಅವರ ಪುಟಗಳಿಂದ ಪೂರೈಸಿಕೊಳ್ಳಬೇಕು. ಐಶ್ವರ್ಯ ಬೆಳೆಯಿತೆಂಬ ಒಂದೇ ಮಾತಿನಿಂದ ದೇಶ ಸುಖವಾಯಿತೆಂದು ನಿರ್ಣಯಿಸಲಾಗದು. ಅರವತ್ತು ವರ್ಷವೆಂಬುದು ಚರಿತ್ರೆಯ ಪುಟದಲ್ಲಿ ಒಂದು ಸಾಲು. ಮನುಷ್ಯನಿಗೆ ಅದು ಇಡೀ ಜೀವಮಾನ. ಆ ಸಾಲಿನೊಳಗೆ ಹುಟ್ಟಿ ಆ ಸಾಲಿನೊಳಗೆ ಸತ್ತವರಿಗೆ, ಮುಂದೆ ಮೊಮ್ಮಕ್ಕಳಿಗೆ ಒಳ್ಳೆಯದಾಯಿತೆಂಬ ಸಮಾಧಾನವನ್ನು ಹೇಳಲು ಯಾರೂ ಇರಲಿಲ್ಲ.